ವಿದ್ಯಾರ್ಥಿಗಳನ್ನು ಗ್ರೀಸಿನ ಪ್ರಾಚೀನ ಅವಶೇಷಗಳಿಗೆ ಕರೆದೊಯ್ಯುವುದು ಹೇಗೆ? ಅಧ್ಯಾಪಕರಿಗೊಂದು ಮಾರ್ಗದರ್ಶಿ

ಇತಿಹಾಸ, ಪುರಾತತ್ತ್ವ, ವಾಸ್ತುಶಿಲ್ಪ, ರಂಗಭೂಮಿ ವಿಭಾಗಗಳ ಅಧ್ಯಾಪಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು: ಗ್ರೀಸಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಎಷ್ಟು ದಿನ ಬೇಕು? ವೀಸಾ ಎಷ್ಟು ಮೊದಲು ಮಾಡಿಸಬೇಕು? ವಿದ್ಯಾರ್ಥಿಗಳಿಗೆ ಪ್ರವೇಶ ಉಚಿತವೇ? ಅಲ್ಲಿ ನಾವೇ ನಿಂತು ಪಾಠ ಮಾಡಬಹುದೇ? 20 ವಿದ್ಯಾರ್ಥಿಗಳು, 3 ಅಧ್ಯಾಪಕರು, ಒಟ್ಟು 10 ದಿನ ಎಂದು ಇಟ್ಟುಕೊಂಡು ಉತ್ತರಗಳನ್ನು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ. ಇಬ್ಬರೇ ಅಧ್ಯಾಪಕರು ಸಾಲದು. ಒಬ್ಬ ವಿದ್ಯಾರ್ಥಿಗೆ ಜ್ವರ ಬಂದರೆ ಒಬ್ಬರು ಹೋಟೆಲಿನಲ್ಲಿ ಉಳಿಯಬೇಕಾಗುತ್ತದೆ, ಆಗ ಇಡೀ ಗುಂಪು ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ. ಮೂವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು.

1. ಮೊದಲು ಪಟ್ಟಿಯನ್ನು ಕತ್ತರಿಸಿ

ಹೆಚ್ಚಿನ ಪ್ರವಾಸಗಳು ಕೆಡುವುದು ಈ ಹಂತದಲ್ಲೇ. ಟ್ರಾವೆಲ್ ಏಜೆಂಟರು ಕೊಡುವ ಪಟ್ಟಿಯಲ್ಲಿ ಅಥೆನ್ಸ್, ಸ್ಯಾಂಟೊರಿನಿ, ಮೈಕೊನೊಸ್, ಡೆಲ್ಫಿ ಎಲ್ಲವೂ ಇರುತ್ತವೆ. ಸ್ಯಾಂಟೊರಿನಿ, ಮೈಕೊನೊಸ್‌ನಂಥ ದ್ವೀಪಕ್ಕೆ ಹಡಗಿನಲ್ಲಿ ಹೋಗಿಬರುವುದಕ್ಕೇ ಸುಮಾರು ಎರಡು ದಿನ ಹೋಗುತ್ತದೆ. ಗಾಳಿ ಜೋರಾದರೆ ಅಥವಾ ನಾವಿಕರು ಮುಷ್ಕರ ಹೂಡಿದರೆ ಹಡಗು ಹೊರಡುವುದೇ ಇಲ್ಲ. ಸ್ಯಾಂಟೊರಿನಿಯ ಅಕ್ರೊತಿರಿ ದೊಡ್ಡ ಪುರಾತತ್ತ್ವ ನೆಲೆ, ನಿಜ. ಆದರೂ ಮೊದಲ ಪ್ರವಾಸದಲ್ಲಿ ಅದನ್ನು ಬಿಟ್ಟುಬಿಡಿ.

10 ದಿನಕ್ಕೆ ಹೊಂದುವ ದಾರಿ ಇದು: ಅಥೆನ್ಸ್‌ನಲ್ಲಿ 4 ರಾತ್ರಿ. ಅಲ್ಲಿಂದ ಕೊರಿಂತ್ ಕಾಲುವೆ ದಾಟಿ ನಾಫ್ಲಿಯೊ ಪಟ್ಟಣದಲ್ಲಿ 2 ರಾತ್ರಿ. ಮೈಸೀನಿ, ಎಪಿಡಾರಸ್ ಎರಡೂ ಅಲ್ಲಿಗೆ ಹತ್ತಿರ. ಆಮೇಲೆ ಒಲಿಂಪಿಯಾದಲ್ಲಿ 1 ರಾತ್ರಿ, ರಿಯೊ-ಆಂತಿರಿಯೊ ಸೇತುವೆ ದಾಟಿ ಡೆಲ್ಫಿಯಲ್ಲಿ 1 ರಾತ್ರಿ, ಕೊನೆಯ ರಾತ್ರಿ ಮತ್ತೆ ಅಥೆನ್ಸ್. ಒಂದು ದಿನಕ್ಕೆ ಒಂದೇ ದೊಡ್ಡ ನೆಲೆ, ಅದಕ್ಕೆ ಕನಿಷ್ಠ ಮೂರು ಗಂಟೆ. ಬಿದ್ದ ಕಲ್ಲುಗಳು ಮೊದಲ ಅರ್ಧ ಗಂಟೆ ಕಲ್ಲುಗಳಾಗಿಯೇ ಕಾಣುತ್ತವೆ. ಕಟ್ಟಡದ ನಕ್ಷೆ ವಿದ್ಯಾರ್ಥಿಯ ಕಣ್ಣಿಗೆ ಕಟ್ಟತೊಡಗುವುದು ಆಮೇಲೆ.

2. ತಿಂಗಳ ಆಯ್ಕೆ

ನಮ್ಮ ಕಾಲೇಜುಗಳಿಗೆ ಅನುಕೂಲವಾಗುವುದು ಎರಡೇ ಸಮಯ: ದಸರಾ ರಜೆಯ ಆಸುಪಾಸಿನ ಸೆಪ್ಟೆಂಬರ್ ಕೊನೆ-ಅಕ್ಟೋಬರ್, ಇಲ್ಲವೇ ಏಪ್ರಿಲ್-ಮೇ. ಮೊದಲನೆಯದೇ ಮೇಲು. ಬಿಸಿಲು ಇಳಿದಿರುತ್ತದೆ, ಹಗಲು ಇನ್ನೂ ಸಾಕಷ್ಟು ಉದ್ದವಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ. ಬಿಸಿಗಾಳಿ ಬೀಸುವ ದಿನಗಳಲ್ಲಿ ಅಥೆನ್ಸ್‌ನ ಆಕ್ರೊಪೊಲಿಸ್ ಗುಡ್ಡವನ್ನೇ ಮಧ್ಯಾಹ್ನ ಕೆಲವು ಗಂಟೆ ಮುಚ್ಚುತ್ತಾರೆ. ಚಳಿಗಾಲದಲ್ಲಿ ಹಲವು ನೆಲೆಗಳು ಮಧ್ಯಾಹ್ನ ಮೂರರ ಸುಮಾರಿಗೇ ಬಾಗಿಲು ಹಾಕುತ್ತವೆ.

ದಿನಾಂಕ ಗೊತ್ತುಮಾಡುವ ಮೊದಲು ರಜಾಪಟ್ಟಿ ನೋಡಿ. ಜನವರಿ 1, ಮಾರ್ಚ್ 25, ಮೇ 1, ಡಿಸೆಂಬರ್ 25 ಮತ್ತು 26, ಜೊತೆಗೆ ಈಸ್ಟರ್ ಭಾನುವಾರ ಎಲ್ಲ ನೆಲೆಗಳೂ ಮುಚ್ಚಿರುತ್ತವೆ. ಇಲ್ಲಿ ಈಸ್ಟರ್ ಎಂದರೆ ಆರ್ಥೊಡಾಕ್ಸ್ ಈಸ್ಟರ್. ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ದಿನ ಸಾಮಾನ್ಯವಾಗಿ ಅದಲ್ಲ. 2027ರಲ್ಲಿ ಅದು ಮೇ 2ಕ್ಕೆ ಬರುತ್ತದೆ. ಹಿಂದಿನ ದಿನ ಮೇ 1, ಎರಡು ದಿನವೂ ಬಾಗಿಲು ಮುಚ್ಚಿದ ಹಾಗೆ. ಏಪ್ರಿಲ್ 18, ಮೇ 18, ಅಕ್ಟೋಬರ್ 28ರಂದು ಪ್ರವೇಶ ಉಚಿತ, ಆದರೆ ಆ ದಿನಗಳ ನೂಕುನುಗ್ಗಲಿನಲ್ಲಿ ಪಾಠ ನಡೆಯುವುದಿಲ್ಲ. ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯ ಮಂಗಳವಾರ ಬೆಳಗ್ಗೆ ತೆರೆಯುವುದಿಲ್ಲ, ಮಧ್ಯಾಹ್ನದ ಮೇಲೆಯೇ.

3. ಪಾಸ್‌ಪೋರ್ಟ್ ಮತ್ತು ವೀಸಾ

ಎಂಟು ತಿಂಗಳ ಮೊದಲೇ ಎಲ್ಲರ ಪಾಸ್‌ಪೋರ್ಟ್ ತರಿಸಿ ನೋಡಿ. ಗ್ರೀಸ್ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಐರೋಪ್ಯ ದೇಶಗಳ ಗುಂಪಿನಲ್ಲಿದೆ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹಿಂತಿರುಗುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು.

ನಮ್ಮವರಿಗೆ ಹೆಚ್ಚು ತೊಂದರೆ ಕೊಡುವುದು ಹೆಸರು. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’ ಎಂದಿದ್ದರೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಪೂರ್ತಿ ಹೆಸರು ಇರುತ್ತದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಕಾಲೇಜಿನ ಬೊನಫೈಡ್ ಪ್ರಮಾಣಪತ್ರ, ವಿಮೆ, ವಿಮಾನದ ಟಿಕೆಟ್ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಅಕ್ಷರಕ್ಕೆ ಅಕ್ಷರ ಇರಬೇಕು. ಅಂಕಪಟ್ಟಿ ನೋಡಿ ಟಿಕೆಟ್ ಬುಕ್ ಮಾಡಬೇಡಿ.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಹಾಕಬಹುದು, 15 ದಿನಕ್ಕಿಂತ ತಡವಾದರೆ ತೆಗೆದುಕೊಳ್ಳುವುದಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಇದ್ದರೆ 45 ದಿನ. ಬೆರಳಚ್ಚು ಕೊಡಲು ಎಲ್ಲರೂ ವೀಸಾ ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಾದ್ದರಿಂದ 23 ಜನಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮೂರು ತಿಂಗಳು ಮೊದಲು ಗುಂಪಿನ ಅಪಾಯಿಂಟ್‌ಮೆಂಟ್ ಕೇಳಿ. ಬೇಕಾಗುವುದು: ಕಾಲೇಜಿನ ಪತ್ರ (ಪ್ರವಾಸದ ಶೈಕ್ಷಣಿಕ ಉದ್ದೇಶ, ದಿನವಾರು ಕಾರ್ಯಕ್ರಮ, ಜವಾಬ್ದಾರಿ ಹೊತ್ತವರ ಹೆಸರು), ತಂದೆ ಅಥವಾ ತಾಯಿ ಖರ್ಚು ಹೊರುವುದಾಗಿ ಬರೆದ ಪತ್ರ, ಅವರ ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಟೆಲ್ ಬುಕಿಂಗ್, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ. 18 ತುಂಬದವರಿದ್ದರೆ ತಂದೆ-ತಾಯಿ ಇಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ. ಸರ್ಕಾರಿ ಕಾಲೇಜಿನ ಅಧ್ಯಾಪಕರು ಇಲಾಖೆಯ ಎನ್‌ಒಸಿಗೆ ಎಲ್ಲಕ್ಕಿಂತ ಮೊದಲು ಅರ್ಜಿ ಹಾಕಬೇಕು. ಖಾತೆಯಲ್ಲಿ ಹಣ ಕಾಣಲೆಂದು ಅರ್ಜಿಗೆ ವಾರ ಇರುವಾಗ ಯಾರದೋ ದೊಡ್ಡ ಮೊತ್ತ ತಂದು ಹಾಕುವುದು ಬೇಡವೆಂದು ಪೋಷಕರಿಗೆ ಸ್ಪಷ್ಟವಾಗಿ ಹೇಳಿ. ಅನುಮಾನ ಹುಟ್ಟುವುದೇ ಅದರಿಂದ.

ಹಲವರಿಗೆ ತಿಳಿಯದ ಒಂದು ಸಂಗತಿ: ವೀಸಾ ಶುಲ್ಕ ವಯಸ್ಕರಿಗೆ 90 ಯೂರೋ, ಆದರೆ ಅಧ್ಯಯನಕ್ಕಾಗಿ ಹೋಗುವ ವಿದ್ಯಾರ್ಥಿಗಳಿಗೂ ಅವರ ಜೊತೆಗೆ ಹೋಗುವ ಅಧ್ಯಾಪಕರಿಗೂ ಷೆಂಗೆನ್ ವೀಸಾ ನಿಯಮದಲ್ಲೇ ಅದರಿಂದ ವಿನಾಯಿತಿ ಇದೆ. ಕಾಲೇಜಿನ ಪತ್ರದಲ್ಲಿ ಇದನ್ನು ಬರೆದು ಕೇಳಿ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಕಟ್ಟಲೇಬೇಕು.

ವಿಮಾನವನ್ನು ದುಬೈ, ದೋಹಾ ಅಥವಾ ಅಬುಧಾಬಿ ಮೂಲಕ ತೆಗೆದುಕೊಂಡರೆ ಷೆಂಗೆನ್ ಪ್ರವೇಶ ತಪಾಸಣೆ ಅಥೆನ್ಸ್‌ನಲ್ಲೇ ಆಗುತ್ತದೆ, ಎಷ್ಟು ತಡವಾದರೂ ಮುಂದಿನ ವಿಮಾನ ತಪ್ಪುವ ಭಯವಿಲ್ಲ. ಜರ್ಮನಿ, ಫ್ರಾನ್ಸ್ ಮೂಲಕ ಹೋದರೆ ತಪಾಸಣೆ ಅಲ್ಲಿಯೇ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರ ಮುಖದ ಚಿತ್ರ, ಬೆರಳಚ್ಚು ದಾಖಲಾಗುತ್ತವೆ. 23 ಜನರ ಸಾಲು ಒಂದೂವರೆ ಗಂಟೆಯ ಬಿಡುವಿನಲ್ಲಿ ಮುಗಿಯುತ್ತದೆಂದು ನಂಬಬೇಡಿ.

4. ಹಣದ ಲೆಕ್ಕ

ಪ್ಯಾಕೇಜಿನ ಬೆಲೆಯಲ್ಲಿ ಕಾಣದ ಮೂರು ಖರ್ಚುಗಳನ್ನು ಪೋಷಕರಿಗೆ ಮೊದಲೇ ತಿಳಿಸಿ. ಮೊದಲನೆಯದು ಟಿಸಿಎಸ್, ಅಂದರೆ ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಮುಂಗಡವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಆಯಾ ವರ್ಷದ್ದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿ. ಯಾರ ಪ್ಯಾನ್ ಸಂಖ್ಯೆ ಕೊಡುತ್ತೀರೋ ಅವರ ರಿಟರ್ನ್ಸ್‌ನಲ್ಲಿ ಮಾತ್ರ ಅದು ವಾಪಸು ಬರುತ್ತದೆ. ಆದ್ದರಿಂದ ಹಣ ಕಟ್ಟುವವರ ಪ್ಯಾನ್‌ ಅನ್ನೇ ಕೊಡಿಸಿ. ಎರಡನೆಯದು, ಗ್ರೀಸಿನ ಹೋಟೆಲುಗಳು ಕೌಂಟರಿನಲ್ಲಿ ವಸೂಲಿ ಮಾಡುವ ಹವಾಮಾನ ಶುಲ್ಕ. ಇದು ತಲೆಗಲ್ಲ, ಕೋಣೆಗೆ ಮತ್ತು ರಾತ್ರಿಗೆ, ಹೋಟೆಲಿನ ನಕ್ಷತ್ರ ಹೆಚ್ಚಿದಂತೆ ಹೆಚ್ಚುತ್ತದೆ. ಮೂರನೆಯದು ಪ್ರವೇಶ ಟಿಕೆಟ್. ಆಕ್ರೊಪೊಲಿಸ್ ಒಂದಕ್ಕೇ 2025ರ ಏಪ್ರಿಲ್‌ನಿಂದ 30 ಯೂರೋ.

‘ವಿದ್ಯಾರ್ಥಿ ಐಡಿ ತೋರಿಸಿದರೆ ಉಚಿತ’ ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ. 25 ವರ್ಷದೊಳಗಿನವರಿಗೆ ಉಚಿತ ಇರುವುದು ಐರೋಪ್ಯ ಒಕ್ಕೂಟದ ದೇಶಗಳವರಿಗೆ. ನಮ್ಮ ವಿದ್ಯಾರ್ಥಿಗಳಿಗೆ ಯಾವ ನೆಲೆಯಲ್ಲಿ ಎಷ್ಟು ರಿಯಾಯಿತಿ ಎಂಬುದನ್ನು ಗ್ರೀಸ್ ಸಂಸ್ಕೃತಿ ಸಚಿವಾಲಯದ ಅಧಿಕೃತ ಇ-ಟಿಕೆಟ್ ತಾಣದಲ್ಲೇ ನೋಡಿ, ಬಜೆಟ್ಟಿನಲ್ಲಿ ಪೂರ್ತಿ ದರವನ್ನೇ ಬರೆದುಕೊಳ್ಳಿ. ಉಳಿದರೆ ಉಳಿಯಲಿ.

5. ಟಿಕೆಟ್, ಬಸ್ಸು, ಗೈಡ್

ಆಕ್ರೊಪೊಲಿಸ್‌ಗೆ ದಿನಕ್ಕೆ 20,000 ಜನರ ಮಿತಿ ಇದೆ. ಟಿಕೆಟ್ಟಿನಲ್ಲಿ ಗಂಟೆಯೂ ನಮೂದಾಗಿರುತ್ತದೆ, ಹೇಳಿದ ವೇಳೆಗೆ 15 ನಿಮಿಷ ಆಚೀಚೆ ಮಾತ್ರ ಒಳಗೆ ಬಿಡುತ್ತಾರೆ. ಬೆಳಗ್ಗೆ 8ರ ಹೊತ್ತನ್ನೇ ಹಿಡಿಯಿರಿ. ಪಶ್ಚಿಮದ ಮುಖ್ಯದ್ವಾರದ ಬದಲು ಆಗ್ನೇಯ ದಿಕ್ಕಿನ, ಮೆಟ್ರೊ ನಿಲ್ದಾಣದ ಪಕ್ಕದ ದ್ವಾರದಿಂದ ಹತ್ತಿದರೆ ಜನ ಕಡಿಮೆ, ಡಯೊನೈಸಸ್ ರಂಗಮಂದಿರವೂ ದಾರಿಯಲ್ಲೇ ಸಿಗುತ್ತದೆ. ಗುಡ್ಡದ ಬುಡದ ಆಕ್ರೊಪೊಲಿಸ್ ಸಂಗ್ರಹಾಲಯಕ್ಕೆ ಬೇರೆಯೇ ಟಿಕೆಟ್ ಬೇಕು. ಮೈಸೀನಿಯಲ್ಲಿ ಇದು ತಿರುವುಮುರುವು: ಕೋಟೆ, ಸಂಗ್ರಹಾಲಯ, ಅರ್ಧ ಕಿಲೋಮೀಟರ್ ಆಚೆಯ ‘ಏಟ್ರಿಯಸ್‌ನ ಭಂಡಾರ’ ಎಂಬ ಗೋರಿ, ಮೂರಕ್ಕೂ ಒಂದೇ ಟಿಕೆಟ್. ಕೋಟೆ ನೋಡಿದ ಕೂಡಲೇ ಮಕ್ಕಳು ಟಿಕೆಟ್ ಎಸೆಯುತ್ತಾರೆ, ಗೋರಿಯ ಬಾಗಿಲಲ್ಲಿ ಪೇಚಾಡುತ್ತಾರೆ. ಎಲ್ಲ ಟಿಕೆಟ್‌ಗಳೂ ಒಬ್ಬ ಅಧ್ಯಾಪಕರ ಕೈಯಲ್ಲಿರಲಿ.

ಬಸ್ಸಿನ ಚಾಲಕರಿಗೆ ಯೂರೋಪಿನ ಕಾನೂನು ಕಟ್ಟುನಿಟ್ಟು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಚಾಲನೆ, ರಾತ್ರಿ 11 ಗಂಟೆ ವಿಶ್ರಾಂತಿ. ಬಸ್ಸಿನ ಯಂತ್ರವೇ ಇದನ್ನೆಲ್ಲ ದಾಖಲಿಸಿಕೊಳ್ಳುತ್ತದೆ. ‘ಅಣ್ಣಾ, ಇನ್ನೊಂದು ಜಾಗ ತೋರಿಸಿಬಿಡಿ’ ಎಂದು ಒಲಿಸಿಕೊಳ್ಳುವ ನಮ್ಮ ಶಾಲಾ ಪ್ರವಾಸದ ಕ್ರಮ ಅಲ್ಲಿ ನಡೆಯದು. ಒಲಿಂಪಿಯಾದಿಂದ ಡೆಲ್ಫಿಗೆ ಸುಮಾರು ನಾಲ್ಕು ಗಂಟೆಯ ದಾರಿ. ಆ ದಿನ ಮಧ್ಯಾಹ್ನ ಬೇರೇನೂ ಇಟ್ಟುಕೊಳ್ಳಬೇಡಿ.

ನೆಲೆಗಳಲ್ಲೂ ಸಂಗ್ರಹಾಲಯಗಳಲ್ಲೂ ಗೈಡ್ ಕೆಲಸ ಮಾಡಲು ಗ್ರೀಸಿನಲ್ಲಿ ಸರ್ಕಾರಿ ಪರವಾನಗಿ ಬೇಕು. ನೀವು ಗುಂಪು ಸೇರಿಸಿ ಜೋರಾಗಿ ವಿವರಿಸುತ್ತ ನಿಂತರೆ ಕಾವಲುಗಾರರು ಬಂದು ಪರವಾನಗಿ ಕೇಳಬಹುದು. ಅಥೆನ್ಸ್ ಮತ್ತು ಡೆಲ್ಫಿಗೆ ಪರವಾನಗಿ ಇರುವ ಗೈಡ್ ಗೊತ್ತುಮಾಡಿಕೊಳ್ಳಿ. ಉಳಿದೆಡೆ ಹಿಂದಿನ ಸಂಜೆಯೇ ಹೋಟೆಲಿನಲ್ಲಿ ನಕ್ಷೆ ಹರಡಿ ಪಾಠ ಮುಗಿಸಿ, ಒಳಗೆ ಐದೈದು ಜನರ ತಂಡಗಳು ತಾವೇ ಹುಡುಕಲಿ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ‘ಇವರು ನಮ್ಮ ಅಧ್ಯಾಪಕರು, ಇವರು ಇವರದೇ ವಿದ್ಯಾರ್ಥಿಗಳು’ ಎಂಬ ಇಂಗ್ಲಿಷ್ ಪತ್ರ ಜೇಬಿನಲ್ಲಿರಲಿ.

6. ಹೊರಡುವ ಮೊದಲು ಮನೆಪಾಠ

ಆರು ವಾರ, ವಾರಕ್ಕೊಂದು ತರಗತಿ. ಗ್ರೀಕ್ ಕಟ್ಟಡಗಳ ಎರಡು ಶೈಲಿಗಳಾದ ಡೋರಿಕ್, ಅಯೋನಿಕ್ ಕಂಬಗಳ ವ್ಯತ್ಯಾಸ ಕಾಗದದ ಮೇಲೆ ಬಿಡಿಸಿ ಬರಲಿ. ಗ್ರೀಕ್ ನಾಟಕಗಳನ್ನು ಕನ್ನಡದಲ್ಲೇ ಓದಲು ಒಳ್ಳೆಯ ದಾರಿ ಇದೆ: ಬಿ.ಎಂ.ಶ್ರೀ ಅವರ ‘ಪಾರಸಿಕರು’, ಲಂಕೇಶರ ‘ದೊರೆ ಈಡಿಪಸ್’. ಮೊದಲನೆಯದರ ಮೂಲ ನಾಟಕ ಕ್ರಿ.ಪೂ. 472ರಲ್ಲಿ ಆಡಿದ್ದು ಆಕ್ರೊಪೊಲಿಸ್ ತಪ್ಪಲಿನ ಅದೇ ಡಯೊನೈಸಸ್ ರಂಗಮಂದಿರದ ಜಾಗದಲ್ಲಿ. ಕನ್ನಡದಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಹೋದವರು ಆ ಮೆಟ್ಟಿಲುಗಳ ಮುಂದೆ ನಿಲ್ಲುವ ರೀತಿಯೇ ಬೇರೆ. ಬೇಲೂರು, ಹಳೇಬೀಡಿಗೆ ಒಂದು ದಿನದ ಪ್ರವಾಸವನ್ನೂ ಮಾಡಿಸಿ. ಕಂಬ ನಿಲ್ಲಿಸಿ ಮೇಲೆ ತೊಲೆ ಹೇರುವುದು, ಕಲ್ಲುಗಳನ್ನು ಸುತ್ತಿನಿಂದ ಸುತ್ತಿಗೆ ಒಳಕ್ಕೆ ಚಾಚಿಸುತ್ತ ಛತ್ತು ಮುಚ್ಚುವುದು ಎರಡನ್ನೂ ಇಲ್ಲಿ ಕಂಡಿದ್ದರೆ ಮೈಸೀನಿಯ ಗೋರಿಯೊಳಗೆ ತಲೆಯೆತ್ತಿದಾಗ ಅದು ಅಪರಿಚಿತ ಅನಿಸುವುದಿಲ್ಲ.

ಪ್ರತಿಯೊಬ್ಬರಿಗೂ ಒಂದು ಕಟ್ಟಡ ವಹಿಸಿಕೊಡಿ. ಅದರ ಬಗ್ಗೆ ಆರು ನಿಮಿಷ ಮಾತಾಡುವ ಹೊಣೆ ಅವರದು.

7. ನೆಲೆಯಲ್ಲಿ ಏನು ತೋರಿಸಬೇಕು

ಒಂದು ನೆಲೆಗೆ ಒಂದೇ ಪ್ರಶ್ನೆ. ನಾಲ್ಕು ಉದಾಹರಣೆ ಕೊಡುತ್ತೇವೆ.

*ಪಾರ್ಥೆನಾನ್:* ‘ಕೆಲವು ಕಲ್ಲು ಯಾಕೆ ಬೆಳ್ಳಗಿವೆ?’ ಕ್ರಿ.ಪೂ. 447ರಲ್ಲಿ ಶುರುವಾದ, ಆಕ್ರೊಪೊಲಿಸ್ ಮೇಲಿನ ಈ ಗುಡಿಯಲ್ಲಿ ಅಮೃತಶಿಲೆಯ ದಿಮ್ಮಿಗಳನ್ನು ಗಾರೆ ಇಲ್ಲದೆ, ಕಬ್ಬಿಣದ ಪಟ್ಟಿಗಳಿಂದ ಬಿಗಿದಿದ್ದಾರೆ. ಆ ಪಟ್ಟಿಗಳ ಸುತ್ತ ಸೀಸ ಎರೆದಿದ್ದರಿಂದ ನೀರು ತಾಗದೆ ತುಕ್ಕು ಹಿಡಿಯಲಿಲ್ಲ. 20ನೇ ಶತಮಾನದ ಮೊದಲ ಭಾಗದ ದುರಸ್ತಿಯಲ್ಲಿ ಸೀಸದ ಹೊದಿಕೆ ಇಲ್ಲದೆ ಕಬ್ಬಿಣ ಹಾಕಿದರು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನೇ ಒಳಗಿನಿಂದ ಸೀಳಿತು. 1975ರಲ್ಲಿ ಸಂರಕ್ಷಣಾ ಸಮಿತಿ ರಚನೆಯಾದಂದಿನಿಂದ ಆ ಕಬ್ಬಿಣ ತೆಗೆದು ಟೈಟೇನಿಯಂ ಹಾಕುತ್ತಿದ್ದಾರೆ, ಒಡೆದ ಭಾಗಕ್ಕೆ ಹೊಸ ಅಮೃತಶಿಲೆ ಜೋಡಿಸುತ್ತಿದ್ದಾರೆ. ಹಳೆಯದು ಜೇನಿನ ಬಣ್ಣ, ಹೊಸದು ಬಿಳಿ. ಅಲ್ಲಿ ಕ್ರೇನು ನಿಂತಿದ್ದರೆ ಬೇಸರಪಡಬೇಡಿ, ಅದೂ ಪಾಠದ ಭಾಗವೇ. ಮೆಟ್ಟಿಲಿನ ಒಂದು ತುದಿಯಲ್ಲಿ ಕಣ್ಣನ್ನು ಅದೇ ಮಟ್ಟಕ್ಕೆ ತಂದು ನೋಡಲು ಹೇಳಿ. ಉದ್ದ ಬದಿಯಲ್ಲಿ ನಡುಭಾಗ ಸುಮಾರು 11 ಸೆಂಟಿಮೀಟರ್ ಮೇಲೆದ್ದಿರುವುದು ಬರಿಗಣ್ಣಿಗೇ ಕಾಣುತ್ತದೆ.

*ಎಪಿಡಾರಸ್:* ‘ಎಷ್ಟು ಕೇಳಿಸುತ್ತದೆ?’ ಇಲ್ಲಿನ ಪ್ರಾಚೀನ ಬಯಲು ರಂಗಮಂದಿರದ ನಡುವೆ ನಿಂತು ಪಿಸುಗುಟ್ಟಿದರೆ 55ನೇ ಸಾಲಿಗೂ ಕೇಳುತ್ತದೆ ಎಂಬುದು ಪ್ರವಾಸಿಗಳ ಮಾತು. 2017ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಳೆದು ನೋಡಿದಾಗ ಪಿಸುಮಾತು ಅಷ್ಟು ದೂರ ಮುಟ್ಟಲಿಲ್ಲ. ನಿಮ್ಮ ಮಕ್ಕಳೂ ಪರೀಕ್ಷಿಸಲಿ: ಒಬ್ಬರು ನಡುವೆ ನಿಂತು ಕಾಗದ ಹರಿಯಲಿ, ಉಳಿದವರು 10, 30, 55ನೇ ಸಾಲಿನಲ್ಲಿ ಕೂತು ಕೇಳಿಸಿದ್ದನ್ನು ಬರೆದುಕೊಳ್ಳಲಿ. ಹಾಡಬಾರದು, ಕೂಗಬಾರದು, ಕಾವಲುಗಾರರು ತಕ್ಷಣ ತಡೆಯುತ್ತಾರೆ.

*ಒಲಿಂಪಿಯಾ:* ಗ್ರೀಕ್ ದೇವರು ಜ್ಯೂಸ್‌ನ ಗುಡಿಯ ಕಂಬಗಳು ಕತ್ತರಿಸಿಟ್ಟ ಬಾಳೆದಿಂಡಿನ ಬಿಲ್ಲೆಗಳಂತೆ ಸಾಲಾಗಿ ಮಲಗಿವೆ. 6ನೇ ಶತಮಾನದ ಭೂಕಂಪಗಳ ಕೆಲಸ ಅದು. ಬಿಲ್ಲೆಯ ನಟ್ಟನಡುವೆ ಇರುವ ಚೌಕ ಗುಳಿ ಯಾಕೆ ಎಂದು ಕೇಳಿ. ಬಿಲ್ಲೆಯ ಮೇಲೆ ಬಿಲ್ಲೆ ನೆಟ್ಟಗೆ ಕೂರಲು ಅಲ್ಲಿ ಮರದ ಗೂಟ ಇರುತ್ತಿತ್ತು. ಹೊಯ್ಸಳರ ಒಂಟಿಕಲ್ಲಿನ ಕಂಬಗಳನ್ನು ನೋಡಿ ಬಂದವರಿಗೆ ಈ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಸುಮಾರು 192 ಮೀಟರ್ ಉದ್ದದ ಓಟದ ಅಂಗಳದಲ್ಲಿ, ಕಲ್ಲಿನ ಆರಂಭರೇಖೆಯಿಂದ ಒಮ್ಮೆ ಓಡಲು ಬಿಡಿ.

*ಡೆಲ್ಫಿ:* ಇದು ಪೂರ್ತಿ ಏರು. ಮೊದಲು ಮೇಲಿನ ಕ್ರೀಡಾಂಗಣದವರೆಗೆ ಹತ್ತಿ, ಇಳಿಯುತ್ತ ಪಾಠ ಮಾಡಿ, ಕೊನೆಯಲ್ಲಿ ಸಂಗ್ರಹಾಲಯ. ಅಲ್ಲಿರುವ ಸಾರಥಿಯ ಕಂಚಿನ ಪ್ರತಿಮೆಯ ಮುಂದೆ ಹತ್ತು ನಿಮಿಷ ಯಾರೂ ಮಾತಾಡದೆ ಚಿತ್ರ ಬಿಡಿಸಲಿ. ಕಣ್ಣಿನ ರೆಪ್ಪೆಗೂದಲನ್ನೂ ಬಿಡಿಬಿಡಿಯಾಗಿ ಮಾಡಿರುವುದು ಆಗ ಮಾತ್ರ ಗಮನಕ್ಕೆ ಬರುತ್ತದೆ.

8. ದಿನದ ಓಡಾಟ ಮತ್ತು ಎಚ್ಚರಿಕೆಗಳು

ರಬ್ಬರ್ ಅಡಿಯ ಶೂ ಕಡ್ಡಾಯ. ಲಕ್ಷಾಂತರ ಕಾಲುಗಳು ತಿಕ್ಕಿದ ಅಮೃತಶಿಲೆ ಒಣಗಿದ್ದಾಗಲೂ ಜಾರುತ್ತದೆ, ಮಳೆ ಬಿದ್ದರೆ ಕೇಳುವುದೇ ಬೇಡ. ತಲೆಗೆ ಟೋಪಿ, ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು. ಅಥೆನ್ಸ್‌ನ ನಲ್ಲಿ ನೀರು ಕುಡಿಯಲು ಯೋಗ್ಯ, ಹೋಟೆಲಿನಲ್ಲೇ ತುಂಬಿಸಿಕೊಳ್ಳಿ. ದೊಡ್ಡ ಬ್ಯಾಗು, ಟ್ರೈಪಾಡ್, ಕಾಲೇಜಿನ ಬ್ಯಾನರ್ ಒಳಗೆ ಒಯ್ಯಬೇಡಿ. ಪ್ರತಿಮೆಗಳ ಪಕ್ಕ ಅವುಗಳ ಭಂಗಿ ಅನುಕರಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಸಂಗ್ರಹಾಲಯದವರು ಸಹಿಸುವುದಿಲ್ಲ.

ಮೆಟ್ರೊದಲ್ಲಿ ಜೇಬುಗಳ್ಳರಿದ್ದಾರೆ, ಮೊನಾಸ್ತಿರಾಕಿ ನಿಲ್ದಾಣದ ಸುತ್ತ ಹೆಚ್ಚು. ಫೋನು ಪ್ಯಾಂಟಿನ ಹಿಂಜೇಬಿನಲ್ಲಿ ಬೇಡ. ಗುಂಪು ಒಡೆದರೆ ಏನು ಮಾಡಬೇಕೆಂಬ ನಿಯಮ ಮೊದಲೇ ಕಲಿಸಿ: ಮುಂದೆ ಹೋದವರು ಮುಂದಿನ ನಿಲ್ದಾಣದಲ್ಲೇ ಇಳಿದು ಕಾಯಬೇಕು, ಹಿಂದುಳಿದವರು ಅದೇ ದಿಕ್ಕಿನ ಮುಂದಿನ ರೈಲು ಹತ್ತಬೇಕು. ಎಲ್ಲ ಬಗೆಯ ತುರ್ತಿಗೂ 112, ಆಂಬುಲೆನ್ಸ್‌ಗೆ 166. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಅಥೆನ್ಸ್‌ನ ಭಾರತೀಯ ರಾಯಭಾರ ಕಚೇರಿ. ಪಾಸ್‌ಪೋರ್ಟ್, ವೀಸಾ ಪುಟಗಳ ಪ್ರತಿಯೊಂದಿಗೆ ಎರಡು ಫೋಟೊಗಳೂ ಪ್ರತಿಯೊಬ್ಬರ ಬಳಿ ಇರಲಿ. ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಿರಿ.

ಸಸ್ಯಾಹಾರದ ಚಿಂತೆ ಎಲ್ಲ ಪೋಷಕರಿಗೂ. ಗ್ರೀಕರು ಉಪವಾಸದ ದಿನಗಳಲ್ಲಿ ಉಣ್ಣುವ ‘ನಿಸ್ತೀಸಿಮೊ’ ಅಡುಗೆಯಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ, ಕಪ್ಪೆಚಿಪ್ಪು ಇರಬಹುದು, ಕೇಳಿಯೇ ತಿನ್ನಿ. ‘ಲಾದೆರಾ’ ಎಂದರೆ ಎಣ್ಣೆಯಲ್ಲಿ ಬೇಯಿಸಿದ ತರಕಾರಿ. ‘ಗೆಮಿಸ್ತಾ’ ಎಂದರೆ ಟೊಮೆಟೊ, ದಪ್ಪ ಮೆಣಸಿನಕಾಯಿಯೊಳಗೆ ಅನ್ನ ತುಂಬಿ ಬೇಯಿಸಿದ್ದು. ಕೆಲವೆಡೆ ಕೈಮಾ ಸೇರಿಸುತ್ತಾರೆ. ‘ಖೋರೀಸ್ ಕ್ರೆಯಾಸ್’, ಅಂದರೆ ಮಾಂಸ ಇಲ್ಲದೆ, ಎಂಬ ಎರಡು ಪದ ಎಲ್ಲರಿಗೂ ಬಾಯಿಪಾಠವಾಗಿರಲಿ.

9. ಹಿಂತಿರುಗುವ ಹಿಂದಿನ ರಾತ್ರಿ

ಎಲ್ಲರನ್ನೂ ಕೂರಿಸಿ ಬ್ಯಾಗುಗಳನ್ನು ತೆರೆಸಿ. ನೆಲೆಗಳಲ್ಲಿ ಕಾಲಿಗೆ ಸಿಗುವ ಮಡಕೆ ಚೂರು, ಅಮೃತಶಿಲೆಯ ತುಣುಕು ನೆನಪಿಗೆಂದು ಯಾರಾದರೂ ಜೇಬಿಗೆ ಹಾಕಿಕೊಂಡಿರುತ್ತಾರೆ. ಗ್ರೀಸಿನಲ್ಲಿ ಅದು ಅಪರಾಧ. ಎಷ್ಟೇ ಸಣ್ಣ ಚೂರಾದರೂ ಪುರಾತನ ವಸ್ತು ಕಾನೂನಿನ ರಕ್ಷಣೆಯಲ್ಲಿದೆ. ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕರೆ ಆ ವಿದ್ಯಾರ್ಥಿಯ ಪ್ರಯಾಣ ಅಲ್ಲಿಗೇ ನಿಲ್ಲಬಹುದು. ಈ ಮಾತನ್ನು ಮೊದಲ ದಿನವೂ ಹೇಳಿರಬೇಕು. ಹಾಗಿದ್ದೂ ಚೂರು ಸಿಕ್ಕಿದರೆ ಗದರಬೇಡಿ, ಮುಚ್ಚಿಡಲೂ ಬೇಡಿ; ಎಲ್ಲಿ ಎತ್ತಿಕೊಂಡದ್ದೆಂದು ಬರೆಸಿಕೊಂಡು, ನಿಮ್ಮ ಗೈಡ್‌ ಮೂಲಕ ಅಲ್ಲಿನ ಪುರಾತತ್ತ್ವ ಇಲಾಖೆಗೆ ಒಪ್ಪಿಸಿ. ಸಂಗ್ರಹಾಲಯದ ಅಂಗಡಿಯಲ್ಲಿ ಕೊಂಡ ಪ್ರತಿಕೃತಿಗಳಿದ್ದರೆ ಅವುಗಳ ರಸೀದಿಯನ್ನು ಅದೇ ಪೆಟ್ಟಿಗೆಯಲ್ಲಿ, ಮೇಲೆಯೇ ಸಿಗುವಂತೆ ಇಡಿಸಿ.